ಹಲಗೆ ಹಾಕುವವರು ಯಾರು?

2019ನೆಯ ಇಸವಿಯನ್ನು ಬೆಳ್ತಂಗಡಿ ತಾಲೂಕಿನವರು ಮರೆತಿಲ್ಲ. ಆ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತೆಂದರೆ, ನೀರಿನ ಅಭಾವವಿದೆ, ಯಾತ್ರೆಯನ್ನು ಮುಂದೂಡಿರಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿಗಳೇ ಭಕ್ತರನ್ನು ವಿನಂತಿಸಬೇಕಾಯಿತು. ಮೂರು ತಿಂಗಳು ತುಂಬುವುದರೊಳಗೆ, ಆಗಸ್ಟ್ 9ರಂದು, ಅದೇ ನದಿಯನ್ನು ಸೇರುವ ಹೊಳೆಗಳು ಚಾರ್ಮಾಡಿ, ದಿಡುಪೆಗಳ ಕಡೆಯಿಂದ ಬಂಡೆ, ಮಣ್ಣು, ಬುಡ ಕಿತ್ತ ಮರಗಳನ್ನು ಹೊತ್ತು ತಂದು ಸೇತುವೆಗಳನ್ನು ಮುರಿದವು; ಅಡಿಕೆ ತೋಟಗಳ ಮೇಲೆ ಮರಳು ಹೊದಿಸಿದವು. ಕೆಳಗೆ ಬಂಟ್ವಾಳ ಪೇಟೆಗೆ ನದಿ ನುಗ್ಗಿತು. ವರುಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಮೇ ತಿಂಗಳಲ್ಲಿ ಟ್ಯಾಂಕರು, ಆಗಸ್ಟಿನಲ್ಲಿ ದೋಣಿ!

ಇದನ್ನು ದೇವರ ಮುನಿಸು ಎಂದವರಿದ್ದಾರೆ. ಹವಾಮಾನ ಬದಲಾವಣೆ ಎಂದು ಹೇಳಿ ಕೈತೊಳೆದುಕೊಂಡವರು ಅವರಿಗಿಂತ ಹೆಚ್ಚು. ಹವಾಮಾನ ಬದಲಾಗಿರುವುದು ಸುಳ್ಳಲ್ಲ. ಅರಬ್ಬೀ ಸಮುದ್ರ ಕಾಯುತ್ತಿದೆ. ತಿಂಗಳಿಡೀ ಹಂಚಿ ಬೀಳಬೇಕಾದ ಮಳೆ ನಾಲ್ಕು ದಿನದಲ್ಲಿ ಸುರಿದು ಸಮುದ್ರ ಸೇರುತ್ತಿದೆ. ಆದರೆ ಬಿದ್ದ ನೀರನ್ನು ಊರಿನಲ್ಲಿ ನಿಲ್ಲಿಸುವ ಹೊಣೆ ಯಾರದು? ಗ್ರಾಮ ಪಂಚಾಯತಿನದು ಎಂದು 1993ರ ಪಂಚಾಯತ್ ರಾಜ್ ಕಾನೂನನ್ನು ಓದಿದವರು ಹೇಳುತ್ತಾರೆ. ಹಾಗಾದರೆ ಪಂಚಾಯತು ಮಾಡುತ್ತಿರುವುದೇನು?

ಅದು ಯೋಜನೆ ಬರೆಯುತ್ತಿದೆ. ದೆಹಲಿಯವರು ಸುಸ್ಥಿರ ಅಭಿವೃದ್ಧಿಗೆ ಒಂಬತ್ತು ವಿಷಯಗಳನ್ನು ಗೊತ್ತುಪಡಿಸಿದ್ದಾರೆ. ಅವುಗಳಲ್ಲಿ ಒಂದು ನೀರು ತುಂಬಿದ ಗ್ರಾಮ, ಇನ್ನೊಂದು ಸ್ವಚ್ಛ ಹಸಿರು ಗ್ರಾಮ. ಗುಮಾಸ್ತನೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಕಾಲಂ ತುಂಬಿಸಿದರೆ ಗ್ರಾಮ ಹಸಿರಾಯಿತು. ಅದೇ ಪಂಚಾಯತಿನ ಮೇಜಿನಿಂದ ಗುಡ್ಡ ಕಡಿಯುವವನಿಗೆ ನಿರಾಕ್ಷೇಪಣಾ ಪತ್ರವೂ ಹೊರಡುತ್ತದೆ. ಆ ಗುಡ್ಡದ ಬುಡದಲ್ಲಿಯೇ ಐದು ಸೆಂಟ್ಸಿನ ಕಾಲೊನಿ. ಮಳೆಗಾಲದಲ್ಲಿ ಮಣ್ಣು ಜಾರುವುದು ಅವರ ಗೋಡೆಯ ಮೇಲೆ. ಬೇಸಗೆಯಲ್ಲಿ ನಳ ಒಣಗುವುದೂ ಅವರದೇ.

ನಮ್ಮ ಹಿರಿಯರಿಗೆ ಈ ಒಂಬತ್ತು ವಿಷಯಗಳು ಗೊತ್ತಿರಲಿಲ್ಲ, ಕಟ್ಟ ಗೊತ್ತಿತ್ತು. ದೀಪಾವಳಿ ಕಳೆದು ತೋಡಿನ ಸೆಳೆತ ಇಳಿದೊಡನೆ ಕಲ್ಲು, ಮಣ್ಣು, ಅಡಿಕೆ ಮರದ ಸೀಳುಗಳಿಂದ ಅಡ್ಡ ಕಟ್ಟುತ್ತಿದ್ದರು. ಬೈಲಿನ ಗದ್ದೆಗೆ ಸುಗ್ಗಿ ಬೆಳೆ, ಮೇಲಿನ ಬಾವಿಗಳಿಗೆ ಒರತೆ. ಆದರೆ ಹಳೆಯದೆಲ್ಲ ಚಿನ್ನವೆಂದು ಹಾಡುವ ಚಾಳಿ ನಮಗಿಲ್ಲ. ಎಷ್ಟೋ ಕಡೆ ಆ ಕಟ್ಟಕ್ಕೆ ಅಪ್ಪಣೆ ಗುತ್ತಿನ ಧಣಿಯದು, ಬೆವರು ಒಕ್ಕಲಿನದು, ಮೊದಲ ನೀರು ಧಣಿಯ ಗದ್ದೆಗೆ. 1974ರ ಭೂಸುಧಾರಣೆ ಬಂತು, ಒಕ್ಕಲು ಒಡೆಯನಾದ. ಬಹಳ ಒಳ್ಳೆಯದಾಯಿತು. ಆದರೆ ಧಣಿ ಬಿಟ್ಟುಹೋದ ತೋಡಿನ ಯಜಮಾನಿಕೆಯನ್ನು ಯಾರೂ ವಹಿಸಿಕೊಳ್ಳಲಿಲ್ಲ. ಅದು ಊರಿನದಾಗಬೇಕಿತ್ತು, ಗ್ರಾಮಸಭೆಯದಾಗಬೇಕಿತ್ತು. ಆಗಲಿಲ್ಲ. ಪಂಪು ಬಂತು, ಕೊಳವೆಬಾವಿ ಬಂತು. ದುಡ್ಡಿದ್ದವನು ಆಳಕ್ಕೆ ಹೋದ, ಇಲ್ಲದವನ ಬಾವಿ ಬತ್ತಿತು.

ಇನ್ನು ಸರಕಾರ ಮಾಡಿದ ಉಪಕಾರ ನೋಡಿ. ಸಣ್ಣ ನೀರಾವರಿ ಇಲಾಖೆಯವರು ಹೊಳೆ ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟಿದರು. ಪಶ್ಚಿಮವಾಹಿನಿ ಎಂಬ ದೊಡ್ಡ ಹೆಸರಿನ ಯೋಜನೆಯೂ ಬಂತು. ಕಾಂಕ್ರೀಟು ಗಟ್ಟಿಯಾಗಿದೆ, ಉದ್ಘಾಟನೆಯ ಕಲ್ಲು ಇನ್ನೂ ಗಟ್ಟಿಯಾಗಿದೆ. ಕಿಂಡಿ ಮಾತ್ರ ತೆರೆದೇ ಇದೆ. ನವೆಂಬರ್ ಮುಗಿಯುವುದರೊಳಗೆ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿಸಿದರೆ ನೀರು ನಿಲ್ಲುತ್ತದೆ. ಜನವರಿಯಲ್ಲಿ ಇಳಿಸಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಪತ್ತನಾಜೆಯ ಹೊತ್ತಿಗೆ ತೆಗೆಯದಿದ್ದರೆ ಮೊದಲ ನೆರೆಗೆ ಮರದ ದಿಮ್ಮಿ ಸಿಕ್ಕಿ ಹೊಳೆ ಪಕ್ಕದ ತೋಟಕ್ಕೆ ತಿರುಗುತ್ತದೆ. ಇದು ಇಂಜಿನಿಯರಿಗಿಂತ ಚೆನ್ನಾಗಿ ಹೊಳೆಬದಿಯ ಹೆಂಗಸರಿಗೆ ಗೊತ್ತು. ಆದರೂ ಹಲಗೆ ಯಾಕೆ ಬೀಳುವುದಿಲ್ಲ? ಕಟ್ಟಿದ್ದು ನಾವು, ನೋಡಿಕೊಳ್ಳುವುದು ಪಂಚಾಯತು ಎನ್ನುತ್ತದೆ ಇಲಾಖೆ. ನಮ್ಮಲ್ಲಿ ಬಾಬತ್ತಿಲ್ಲ, ರೈತರು ಸಂಘ ಮಾಡಿಕೊಳ್ಳಲಿ ಎನ್ನುತ್ತದೆ ಪಂಚಾಯತು. ಅಣೆಕಟ್ಟಿನಲ್ಲಿ ಗುತ್ತಿಗೆದಾರನಿಗೆ ಲಾಭವಿದೆ, ಹಲಗೆ ಹಾಕುವುದರಲ್ಲಿ ಯಾರಿಗೂ ಲಾಭವಿಲ್ಲ. ಊರಿಗೆ ಲಾಭವಿದೆ, ಅಷ್ಟೇ!

ಹಣವಿಲ್ಲವೆಂಬ ಮಾತನ್ನು ನಂಬಬೇಡಿ. 2021ರಿಂದ 2026ರವರೆಗೆ 15ನೆಯ ಹಣಕಾಸು ಆಯೋಗ ಪಂಚಾಯತುಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಗಳಿಗೇ ಮೀಸಲಾಗಿತ್ತು. 2019ರ ಜಲಜೀವನ ಯೋಜನೆ ಮನೆಮನೆಗೆ ನಳ ಹಾಕಲು ಹೊರಟಿತು. ನಳದ ಲೆಕ್ಕ ಇಟ್ಟರು; ನಳಕ್ಕೆ ನೀರು ಕೊಡುವ ತೋಡಿನ ಲೆಕ್ಕ ಇಟ್ಟವರು ಎಷ್ಟು ಮಂದಿ? ಕೂಲಿಯ ಕಥೆ ಬೇರೆ. 2025ರಲ್ಲಿ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ದಿನಗೂಲಿ 370 ರೂಪಾಯಿ. ಅಡಿಕೆ ತೋಟದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುವಾಗ ತೋಡಿನ ಹೂಳೆತ್ತಲು ಯಾರು ಬಂದಾರು? ಅದೇ ವರುಷದ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನನ್ನೇ ಬದಲಿಸಿ, ವೆಚ್ಚದಲ್ಲಿ ನೂರಕ್ಕೆ 40 ಪಾಲನ್ನು ರಾಜ್ಯದ ತಲೆಗೆ ಕಟ್ಟಿತು. ಇತ್ತ ನೇತ್ರಾವತಿಯ ತಲೆಯಿಂದಲೇ ನೀರೆತ್ತುವ ಎತ್ತಿನಹೊಳೆಯ ಅಂದಾಜು 23,251 ಕೋಟಿಗೆ ಏರಿದೆ. ಅದಕ್ಕೆ ಹಣ ಹುಟ್ಟುತ್ತದೆ, ಹಲಗೆಗೆ ಹುಟ್ಟುವುದಿಲ್ಲ.

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೂಲಿ ಮಾಡಿ ಬದುಕಿದ ಮನುಷ್ಯ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಹಲವು ಸುರಂಗ ವ್ಯರ್ಥವಾದ ಮೇಲೂ ಬಿಡದೆ, ನೀರು ಹರಿಸಿ ತೋಟ ಮಾಡಿದರು. ಅವರಿಗೆ ನಮ್ಮದೂ ನಮಸ್ಕಾರ. ಆದರೆ ಬಡವನೊಬ್ಬ ನೀರಿಗಾಗಿ ವರ್ಷಗಟ್ಟಲೆ ಒಂಟಿಯಾಗಿ ಗುಡ್ಡ ಕೊರೆಯಬೇಕಾದದ್ದು ಯಾಕೆ ಎಂದು ಪದಕ ಕೊಟ್ಟವರು ಕೇಳಲಿಲ್ಲ.

ಮೂಡುಬಿದಿರೆಯವರು ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಬಸದಿಗೆ ಪ್ರವಾಸಿಗಳು ಬರುತ್ತಾರೆ. ಕೆರೆಯ ಹೂಳಿಗೆ ಪ್ರವಾಸಿಗಳಿಲ್ಲ. ಅಲ್ಲಿ ಪುರಸಭೆ, ಸುತ್ತಲೂ ಪಂಚಾಯತು, 2018ರಿಂದ ತಾಲೂಕು ಕಚೇರಿಯೂ ಇದೆ. ಕಚೇರಿ ಹೆಚ್ಚಿದಷ್ಟೂ ಹೂಳಿನ ಹೊಣೆ ಹಂಚಿಹೋಗುತ್ತದೆ!

ಹಳ್ಳಿಯನ್ನು ರಾಜ್ಯದ ಮೊದಲ ಕಂಬವೆಂದವರು ಡಾ. ಲೋಹಿಯಾ. ಇಂದು ಆ ಕಂಬ ಮೇಲಿನವರ ಸುತ್ತೋಲೆ ಅಂಟಿಸುವುದಕ್ಕೆ ಮಾತ್ರ ಉಪಯೋಗ. ನಮ್ಮ ಬೇಡಿಕೆ ದೊಡ್ಡದಲ್ಲ. ತೋಡು, ಮದಕ, ಕೆರೆಗಳ ಯಜಮಾನಿಕೆ ಗ್ರಾಮಸಭೆಗೆ ಬರಲಿ. ಹಲಗೆ ಹಾಕುವ, ತೆಗೆಯುವ ಕೆಲಸಕ್ಕೆ ಊರಿನ ನ್ಯಾಯವಾದ ಕೂಲಿಯನ್ನು ಪಂಚಾಯತು ಕೊಡಲಿ. ಗುಡ್ಡ ಕಡಿಯುವ ಅರ್ಜಿ ಕಾಲೊನಿಯವರ ಎದುರಿಗೇ ಓದಲ್ಪಡಲಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಗ್ರಾಮದಲ್ಲಿ ಕಿಂಡಿ ಅಣೆಕಟ್ಟು ಎಷ್ಟು, ಅವುಗಳ ಹಲಗೆ ಎಲ್ಲಿವೆ, ಈ ವರುಷ ಯಾವ ತಾರೀಕಿಗೆ ಯಾರು ಹಾಕುತ್ತಾರೆ ಎಂದು ಕೇಳಿರಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಲ್ಲಿಯೇ ಸಹಿ ಹಾಕಿಸಿರಿ.