ಎಸಿ ಗ್ಯಾಸ್ ಗಾಳಿಗೆ ಬಿಡದವನಿಗೆ ಕೂಲಿ ಕೊಡುವವರು ಯಾರು?

ಬೇಸಿಗೆ ಶುರುವಾಯಿತೆಂದರೆ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ ಕಡೆಯಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಟೂಲ್ ಬ್ಯಾಗ್ ಹೊತ್ತ ಹುಡುಗರು ಹೆಚ್ಚಾಗುತ್ತಾರೆ. ಎಸಿ ಮೆಕ್ಯಾನಿಕ್‌ಗಳು. ಕೆಲವರು ಐಟಿಐ ಓದಿದವರು, ಬಹಳಷ್ಟು ಮಂದಿ ಅಣ್ಣನ ಜೊತೆಗೋ ಮಾವನ ಜೊತೆಗೋ ಹೆಲ್ಪರ್ ಆಗಿ ಹೋಗಿ ಕಲಿತವರು. ಕೂಲಿ ದಿನಕ್ಕಿಷ್ಟು, ಇಲ್ಲಾ ಕೆಲಸಕ್ಕಿಷ್ಟು. ಭಾರತ ಜಗತ್ತಿನ ಮುಂದೆ ಕೊಟ್ಟಿರುವ ಒಂದು ದೊಡ್ಡ ಮಾತು ಉಳಿಯುತ್ತೋ ಇಲ್ಲವೋ ಅನ್ನುವುದು ಈ ಹುಡುಗರ ಕೈಯಲ್ಲಿದೆ. ಅದನ್ನು ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲ, ಅದಕ್ಕೆ ದುಡ್ಡನ್ನೂ ಕೊಟ್ಟಿಲ್ಲ.

ವಿಷಯ ಎಸಿ ಒಳಗಿನ ಗ್ಯಾಸ್‌ದು. ಹಳೆಯ ಎಸಿಗಳಲ್ಲಿ ಆರ್-22, ಆಮೇಲೆ ಬಂದವುಗಳಲ್ಲಿ ಆರ್-410ಎ, ಈಗಿನವುಗಳಲ್ಲಿ ಹೆಚ್ಚಾಗಿ ಆರ್-32. ಮನೆಯ ಸ್ಪ್ಲಿಟ್ ಎಸಿಯಲ್ಲಿ ಇರುವುದು ಹೆಚ್ಚುಕಡಿಮೆ ಒಂದು ಕೆಜಿ. ಆದರೆ ಒಂದು ಕೆಜಿ ಆರ್-22 ಗಾಳಿಗೆ ಹೋದರೆ ಸುಮಾರು 1,800 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತೆ, ಓಝೋನ್ ಪದರಕ್ಕೆ ಆಗುವ ಹಾನಿ ಬೇರೆ. ಆರ್-410ಎ ಓಝೋನ್‌ಗೆ ಏನೂ ಮಾಡಲ್ಲ, ಬಿಸಿ ಮಾಡೋದರಲ್ಲಿ ಇನ್ನೂ ಜೋರು, 2,000ಕ್ಕೂ ಮೇಲೆ. ಆರ್-32 ಸುಮಾರು 675. ಅಂದಾಜಿಗೆ ಹೇಳೋದಾದರೆ, ಒಂದು ಕೆಜಿ ಆರ್-22 ಬಿಡುವುದು ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲಿ ಕೆಜಿಎಫ್‌ನಿಂದ ಬೆಂಗಳೂರಿಗೆ 190 ಸಲ ಹೋಗಿಬಂದದ್ದಕ್ಕೆ ಸಮ. ವಾಲ್ವ್ ತಿರುಗಿಸಿದರೆ ಅದು ಕೆಲವೇ ನಿಮಿಷದ ಕೆಲಸ.

ಕೆಜಿಎಫ್‌ನವರಿಗೆ ಗಣಿಯ ಕಸ ಏನು ಅಂತ ವಿವರಿಸಬೇಕಿಲ್ಲ. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು, ಸೈನೈಡ್ ಗುಡ್ಡಗಳು ಇಲ್ಲೇ ಉಳಿದವು. ಗಾಳಿ ಬೀಸಿದಾಗ ಅವು ಕಣ್ಣಿಗೆ ಬೀಳುತ್ತವೆ, ಮೂಗಿಗೂ ಬೀಳುತ್ತವೆ. ಎಸಿ ಗ್ಯಾಸ್‌ಗೆ ಬಣ್ಣವಿಲ್ಲ, ಗುಡ್ಡೆ ಬೀಳಲ್ಲ. ಹಾಗಾಗಿ ದೂರು ಕೊಡುವವರೂ ಇಲ್ಲ.

ಈಗ ಸರ್ಕಾರ ಏನು ಹೇಳಿದೆ ನೋಡಿ. 2019ರ ಮಾರ್ಚ್‌ನಲ್ಲಿ ಬಂದ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್ 2022-23ರೊಳಗೆ ಒಂದು ಲಕ್ಷ ಸರ್ವಿಸ್ ಟೆಕ್ನೀಶಿಯನ್‌ಗಳಿಗೆ ತರಬೇತಿ ಮತ್ತು ಸರ್ಟಿಫಿಕೇಟ್ ಕೊಡುವ ಗುರಿ ಹಾಕಿಕೊಂಡಿತು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಆರ್-410ಎ, ಆರ್-32ರಂಥ ಎಚ್‌ಎಫ್‌ಸಿಗಳ ಬಳಕೆ 2028ರಿಂದ ಏರುವಂತಿಲ್ಲ, 2032ರಿಂದ ಇಳಿಯಬೇಕು, 2047ಕ್ಕೆ ಶೇ. 85ರಷ್ಟು ಕಡಿತ. ಆರ್-22 ಇನ್ನೂ ಮೊದಲೇ, 2030ಕ್ಕೆ ಬಹುತೇಕ ಮುಗಿಯಬೇಕು. ಹಳೆ ಯಂತ್ರಗಳ ರಿಪೇರಿಗೆ ಅಂತ ಮಾತ್ರ 2040ರವರೆಗೆ ಸಣ್ಣ ಪಾಲು ಉಳಿಸಿದ್ದಾರೆ.

ಕಾಗದದಲ್ಲಿ ಎಲ್ಲಾ ಸರಿ. ತರಬೇತಿಯೂ ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಎಸಿ ಮನೆ ಬದಲಾಯಿಸುವಾಗ ಮಾಡುವ ಪಂಪ್ ಡೌನ್ ವಿಷಯವನ್ನೇ ತಗೊಳ್ಳಿ. ಎಸಿ ಓಡುತ್ತಿರುವಾಗಲೇ ಲಿಕ್ವಿಡ್ ಲೈನಿನ ವಾಲ್ವ್ ಮುಚ್ಚಿ, ಗೇಜ್ ಇಳಿಯುವವರೆಗೆ ಕಾದು, ಸಕ್ಷನ್ ವಾಲ್ವ್ ಮುಚ್ಚಿ ತಕ್ಷಣ ಮಷೀನ್ ಆಫ್ ಮಾಡಿದರೆ ಗ್ಯಾಸ್ ಪೂರ್ತಿ ಔಟ್‌ಡೋರ್ ಯೂನಿಟ್‌ನಲ್ಲೇ ಉಳಿಯುತ್ತೆ. ಖರ್ಚು ಒಂದು ಪೈಸೆ ಇಲ್ಲ. ಆದರೆ ಪೈಪ್ ಸಡಿಲವಿದ್ದು ಒಳಗೆ ಗಾಳಿ ಎಳೆದುಕೊಂಡರೆ ಕಂಪ್ರೆಸರ್ ಸಿಡಿಯಬಹುದು. ಆರ್-32 ಹೊತ್ತಿಕೊಳ್ಳುವ ಗ್ಯಾಸ್. ಮುಚ್ಚಿದ ಕೋಣೆಯಲ್ಲಿ ಅದನ್ನು ಬಿಟ್ಟು ಬ್ರೇಜಿಂಗ್ ಟಾರ್ಚ್ ಹಚ್ಚುವುದು ಜೀವದ ಜೊತೆ ಆಟ. ಹೊರತೆಗೆದ ಗ್ಯಾಸನ್ನು ಖಾಲಿ ಡಬ್ಬಿ ಸಿಲಿಂಡರಿಗೆ ತುಂಬಬಾರದು, ರಿಕವರಿ ಸಿಲಿಂಡರನ್ನೂ ಶೇ. 80 ದಾಟಿಸಬಾರದು, ಬಿಸಿಲಿಗೆ ದ್ರವ ಹಿಗ್ಗಿದರೆ ಸಿಲಿಂಡರೇ ಒಡೆಯುತ್ತೆ. ಆರ್-22 ಜೊತೆ ಆರ್-410ಎ ಬೆರೆಸಿದರೆ ಎರಡೂ ಕೆಲಸಕ್ಕೆ ಬರಲ್ಲ. ಇವೆಲ್ಲ ಕೈಹಿಡಿದು ಹೇಳಿಕೊಡಬೇಕಾದ ಸಂಗತಿಗಳು, ವಿಡಿಯೋ ನೋಡಿ ಕಲಿಯೋದಲ್ಲ.

ತೊಡಕು ಇರುವುದು ತರಬೇತಿ ಮುಗಿದ ಮಾರನೇ ದಿನ. ಬಂಗಾರಪೇಟೆಯ ಒಬ್ಬ ಹಿರಿಯ ಮೆಕ್ಯಾನಿಕ್‌ನ ಕೇಳಿದೆ. "ಸಾರ್, ಮಷೀನ್ ಹಾಕಿ ಗ್ಯಾಸ್ ಎಳೆಯೋಕೆ ಇನ್ನೊಂದು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಮೂರನೇ ಮಹಡಿಗೆ ಮಷೀನ್ ಹೊರಬೇಕು, ಸಿಲಿಂಡರ್ ಹೊರಬೇಕು. ಆ ಟೈಮಲ್ಲಿ ಇನ್ನೊಂದು ಸರ್ವಿಸ್ ಆಗ್ತದೆ. ಎಳೆದ ಗ್ಯಾಸ್ ತಗೊಂಡು ಹೋಗಿ ಯಾರಿಗೆ ಕೊಡಲಿ?" ಅಂದರು. ಈ ಪ್ರಶ್ನೆಗೆ ಕೆಜಿಎಫ್‌ನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಉತ್ತರ ಕೊಡುವ ಒಂದು ಕೌಂಟರ್ ನನಗೆ ಕಂಡಿಲ್ಲ. ರಿಕವರಿ ಮಷೀನಿಗೆ ಹತ್ತಾರು ಸಾವಿರ ರೂಪಾಯಿ. ಗಿರಾಕಿ ಕೇಳುವುದು ಒಂದೇ: ತಣ್ಣಗಾಗುತ್ತಾ? ಎಷ್ಟಾಗುತ್ತೆ? ಗ್ಯಾಸ್ ಬಿಟ್ಟವನಿಗೂ ಎಳೆದವನಿಗೂ ಅದೇ ದುಡ್ಡು ಅಂದಮೇಲೆ ಎಳೆಯುವವನು ನಷ್ಟದಲ್ಲಿರುತ್ತಾನೆ. ಇದನ್ನು ಜಾಗೃತಿಯ ಕೊರತೆ ಅಂತ ಕರೆಯುವುದು ಅನ್ಯಾಯ.

ಗುಜರಿ ಅಂಗಡಿಗಳ ಕಥೆಯೂ ಬೇರೆಯಲ್ಲ. ಅಲ್ಲಿ ಬೆಲೆ ಇರುವುದು ತಾಮ್ರಕ್ಕೆ. ಪೈಪ್ ಕತ್ತರಿಸಿದ ಕ್ಷಣವೇ ಉಳಿದ ಗ್ಯಾಸ್ ಹೋಯಿತು. 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಎಸಿ, ಫ್ರಿಜ್‌ಗಳ ಜವಾಬ್ದಾರಿಯನ್ನು ತಯಾರಕರ ಮೇಲೆ ಹೊರಿಸಿವೆ ನಿಜ, ಆದರೆ ಆ ಹೊಣೆ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿ ತನಕ ಇಳಿದು ಬಂದಿಲ್ಲ.

ಹೊರಗಿನವರು ಇದನ್ನು ಎರಡು ರೀತಿಯಲ್ಲಿ ಸರಿಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ 90ರ ದಶಕದಿಂದಲೇ ಗ್ಯಾಸ್ ಬೇಕಂತಲೇ ಗಾಳಿಗೆ ಬಿಡುವುದು ಅಪರಾಧ, ಆ ಕೆಲಸ ಮುಟ್ಟೋಕೆ ಸರ್ಟಿಫಿಕೇಟ್ ಕಡ್ಡಾಯ. ನಮ್ಮಲ್ಲಿ ಯಾರು ಬೇಕಾದರೂ ಅಂಗಡಿಗೆ ಹೋಗಿ ಡಬ್ಬಿ ಕೊಳ್ಳಬಹುದು. ದಂಡದ ದಾರಿ ಇಲ್ಲಿ ತಂದರೆ ಮೊದಲು ಸಿಕ್ಕಿಬೀಳುವವನು ಈ ಹುಡುಗನೇ, ಏಜೆನ್ಸಿಯವನಲ್ಲ. ಅದಕ್ಕೇ ನನಗೆ ಆಸ್ಟ್ರೇಲಿಯಾದ ಕ್ರಮ ಮೆಚ್ಚುಗೆ. ಅಲ್ಲಿ 1993ರಿಂದ ಉದ್ಯಮದವರದೇ ಒಂದು ಸಂಸ್ಥೆ ಇದೆ. ಆಮದಾಗುವ ಪ್ರತಿ ಕೆಜಿ ಗ್ಯಾಸಿನ ಮೇಲೆ ಸಣ್ಣ ಸುಂಕ ಎತ್ತಿ, ಆ ಹಣದಿಂದಲೇ ಹಳೆ ಗ್ಯಾಸ್ ವಾಪಸ್ ತಂದವರಿಗೆ ದುಡ್ಡು ಕೊಡುತ್ತಾರೆ. ಖಾಲಿ ಸೋಡಾ ಬಾಟಲಿ ವಾಪಸ್ ಕೊಟ್ಟರೆ ಕಾಸು ಸಿಗುತ್ತಿತ್ತಲ್ಲ, ಅದೇ ಲೆಕ್ಕ.

ಕೆಜಿಎಫ್, ಬಂಗಾರಪೇಟೆಗೆ ಬೇಕಾದದ್ದು ಇಷ್ಟೇ. ಗ್ಯಾಸ್ ಮಾರುವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ದಿನಬಾಡಿಗೆಗೆ ಒಂದೆರಡು ರಿಕವರಿ ಮಷೀನ್, ಅಲ್ಲೇ ತೂಕ ಹಾಕಿ ಹಳೆ ಗ್ಯಾಸ್ ಕೊಳ್ಳುವ ವ್ಯವಸ್ಥೆ. ತರಬೇತಿ ಬೆಂಗಳೂರಿನ ಹೋಟೆಲ್ ಹಾಲ್‌ನಲ್ಲಿ ಬೇಡ, ಇಲ್ಲೇ ನಡೆಯಲಿ. ಏಪ್ರಿಲ್, ಮೇ ತಿಂಗಳಲ್ಲಂತೂ ಬೇಡವೇ ಬೇಡ, ಅದು ಇವರು ವರ್ಷದ ಅನ್ನ ದುಡಿಯುವ ಕಾಲ. ಮಳೆಗಾಲದಲ್ಲಿ ಇಡಲಿ, ಬಂದ ದಿನಗಳ ಕೂಲಿ ಕಟ್ಟಿಕೊಡಲಿ. ಕನ್ನಡದ ಜೊತೆ ತಮಿಳು, ತೆಲುಗಿನಲ್ಲೂ ಹೇಳಿಕೊಡಲಿ, ಕೆಜಿಎಫ್ ಹುಡುಗರ ಮನೆಮಾತು ಏನು ಅಂತ ಎಲ್ಲರಿಗೂ ಗೊತ್ತಿದೆ.

ಮನೆ ಎಸಿಗಿಂತ ದೊಡ್ಡ ಗಂಟು ಇನ್ನೊಂದು ಕಡೆ ಇದೆ. ಕೋಲಾರ ಹಾಲಿನ ಜಿಲ್ಲೆ. ಹಳ್ಳಿಗಳಲ್ಲಿ ಹಾಲು ತಣ್ಣಗಿಡುವ ಬಲ್ಕ್ ಕೂಲರ್‌ಗಳಿವೆ, ಪಟ್ಟಣಗಳಲ್ಲಿ ಕೋಲ್ಡ್ ರೂಮ್‌ಗಳಿವೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-22 ಅಥವಾ ಆರ್-404ಎ, ಅದೂ ಹಲವು ಕೆಜಿ. ಆರ್-404ಎ ಒಂದು ಕೆಜಿ ಎಂದರೆ 3,900 ಕೆಜಿ ಕಾರ್ಬನ್ ಡೈಆಕ್ಸೈಡ್. ಇಲ್ಲಿ ಗಿರಾಕಿ ಬಿಡಿ ಮನೆಯವನಲ್ಲ, ಸಹಕಾರ ಸಂಘ, ಒಕ್ಕೂಟ. ಕೆಜಿಎಫ್‌ನಲ್ಲಿ ಬೆಮೆಲ್‌ನಂಥ ಕೇಂದ್ರ ಸರ್ಕಾರದ ಕಾರ್ಖಾನೆಯೂ ಇದೆ. ವಾರ್ಷಿಕ ನಿರ್ವಹಣೆ ಟೆಂಡರ್‌ನಲ್ಲಿ ಎರಡು ಸಾಲು ಸೇರಿಸಿದರೆ ಆಯಿತು: ರಿಪೇರಿಗೆ ಮುಂಚೆ ಎಷ್ಟು ಗ್ಯಾಸ್ ಹೊರತೆಗೆದಿರಿ, ತೂಕದ ಚೀಟಿ ತೋರಿಸಿ, ಅದಕ್ಕೆ ಕೆಜಿಗಿಷ್ಟು ಕೂಲಿ ಬೇರೆ. ಅದಕ್ಕೆ ದಿಲ್ಲಿಯ ಸುತ್ತೋಲೆ ಕಾಯಬೇಕಿಲ್ಲ, ಮುಂದಿನ ಟೆಂಡರ್ ಕರೆಯುವಾಗಲೇ ಬರೆಯಬಹುದು.