ಕಾಡಿನ ಕುಟೀರಕ್ಕೂ ಒಂದು ಅಳತೆಗೋಲು ಬೇಕು

ಮಲೆನಾಡಿನವರ ಕಲ್ಪನೆಯಲ್ಲಿ ಕಲಬುರಗಿ ಜಿಲ್ಲೆಯೆಂದರೆ ತೊಗರಿಯ ಹೊಲ, ಕರಿಮಣ್ಣು ಮತ್ತು ಉರಿಬಿಸಿಲು. ಶಹಾಬಾದದ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಚಿತ್ತಾಪುರಗಳ ಸುಣ್ಣದ ಕಲ್ಲು ಸಿಮೆಂಟಾಗಿ ದೂರದ ನಗರಗಳ ಗೋಡೆಯನ್ನು ಸೇರಿದೆ. ಇದೇ ಜಿಲ್ಲೆಯ ಅಂಚಿನಲ್ಲಿ, ತೆಲಂಗಾಣದ ಗಡಿಯ ಸಮೀಪ, ಗುಡ್ಡಗಳ ನಡುವೆ ಚಿಂಚೋಳಿಯ ಕಾಡು ಉಳಿದುಕೊಂಡಿದೆ ಎಂಬುದನ್ನು ಬಲ್ಲವರು ಕಡಿಮೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಪ್ರದೇಶದ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಶ್ರೀಗಂಧ, ರಕ್ತಚಂದನಗಳು ಇಲ್ಲಿ ಬೆಳೆಯುತ್ತವೆ. ಅಂಚುಗಳಲ್ಲಿ ತೇಗದ ನೆಡುತೋಪುಗಳಿವೆ. ಕೃಷ್ಣಮೃಗ, ಕೊಂಡುಕುರಿ, ಕತ್ತೆಕಿರುಬ, ತೋಳ, ನರಿಗಳಿಗೆ ಇದು ನೆಲೆ. ಕಾಡಿನ ನಡುವೆ ಚಂದ್ರಂಪಳ್ಳಿಯ ಜಲಾಶಯವಿದೆ. ಅದರ ಪರಿಸರದಲ್ಲಿ ಪ್ರವಾಸಿ ಕುಟುಂಬಗಳು ತಂಗಲು ಅರಣ್ಯ ಇಲಾಖೆ ಕುಟೀರಗಳನ್ನು ಕಟ್ಟಿದೆ.

ಈ ಕುಟೀರಗಳನ್ನು ಕಂಡೊಡನೆ ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ. ಕಲ್ಲುಗಣಿಯ ಧೂಳಿನಲ್ಲಿ, ಕಾರ್ಖಾನೆಯ ಚಿಮಣಿಯ ಕೆಳಗೆ ವರ್ಷವಿಡೀ ಬದುಕುವ ಕುಟುಂಬವೊಂದು ಎರಡು ದಿನ ಮರದ ನೆರಳನ್ನು ಬಯಸಿದರೆ ಅದು ವಿಲಾಸವಲ್ಲ. ಈ ಭಾಗದಲ್ಲಿ ಕೈಯಲ್ಲಿ ಹಣವಿದ್ದವರು ರಜೆಯಲ್ಲಿ ಹೈದರಾಬಾದಿನ ಹಾದಿ ಹಿಡಿಯುತ್ತಾರೆ. ಅಲ್ಲಿ 1996ರಿಂದ ರಾಮೋಜಿ ಫಿಲ್ಮ್ ಸಿಟಿಯಿದೆ, 2016ರಿಂದ ವಂಡರ್‌ಲಾ ಇದೆ. ಹಣವಿಲ್ಲದವರ ಮಕ್ಕಳಿಗೆ ಕಾಡು, ಹಕ್ಕಿ, ತೊರೆಗಳು ಪಠ್ಯಪುಸ್ತಕದ ಚಿತ್ರಗಳಾಗಿಯೇ ಉಳಿಯುತ್ತವೆ. ತಮ್ಮದೇ ತಾಲ್ಲೂಕಿನ ಕಾಡನ್ನು ಒಮ್ಮೆಯೂ ಕಾಣದ ಮಗು ಮುಂದೆ ಅದರ ಪರವಾಗಿ ದನಿಯೆತ್ತುವುದೆಂದು ನಿರೀಕ್ಷಿಸುವುದಾದರೂ ಹೇಗೆ?

ಆತಂಕವಿರುವುದು ಕುಟೀರದಲ್ಲಲ್ಲ, ಕುಟೀರದ ಜೊತೆಗೆ ಬರುವ ನಿರೀಕ್ಷೆಯಲ್ಲಿ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ಮನರಂಜನಾ ಉದ್ಯಾನವು ಕೆಲ ವರ್ಷಗಳಲ್ಲಿ ತನ್ನ ಆವರಣದಲ್ಲೇ ತಂಗುವ ವಿಹಾರಧಾಮವನ್ನೂ ಕಟ್ಟಿತು. ಅಂತಹ ಕಡೆ ಕುಟುಂಬಕ್ಕೆ ಬೇಕಾದುದೆಲ್ಲವನ್ನೂ ಯಂತ್ರಗಳು ಒದಗಿಸುತ್ತವೆ. ಪಂಪುಗಳು ಅಲೆಯೆಬ್ಬಿಸುತ್ತವೆ, ಶೋಧಕಗಳು ಅದೇ ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸುತ್ತವೆ, ದೀಪಗಳು ರಾತ್ರಿಯನ್ನು ಹಗಲಾಗಿಸುತ್ತವೆ. ಅದಕ್ಕೆಂದೇ ಮೀಸಲಾದ ನೆಲದಲ್ಲಿ ಅದು ನಡೆಯಲಿ. ಆದರೆ ಅಲ್ಲಿ ಉಳಿದು ಬಂದ ಕುಟುಂಬವು ಚಂದ್ರಂಪಳ್ಳಿಯಲ್ಲೂ ಅದನ್ನೇ ಕೇಳತೊಡಗಿದರೆ, ಇಲಾಖೆಯೂ ಆದಾಯದ ಆಸೆಯಿಂದ ಒಂದೊಂದಾಗಿ ಒದಗಿಸತೊಡಗಿದರೆ, ಕಾಡು ಮೆಲ್ಲಮೆಲ್ಲನೆ ಹಿನ್ನೆಲೆಯ ಪರದೆಯಾಗುತ್ತದೆ. ಮೊದಲು ಬಣ್ಣದ ದೀಪ, ಆಮೇಲೆ ಧ್ವನಿವರ್ಧಕ, ಅದಾದ ಮೇಲೆ ಹಗ್ಗದ ಜಾರಾಟ, ಕೊನೆಗೆ ಇನ್ನಷ್ಟು ಕುಟೀರಗಳು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಬೆಟ್ಟಗಳಲ್ಲಿ ಈ ಮೆಟ್ಟಿಲುಗಳನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಿಂಚೋಳಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಇದು ಪಶ್ಚಿಮ ಘಟ್ಟದ ಮಳೆಕಾಡಲ್ಲ, ಒಣಭೂಮಿಯ ಕಾಡು. ಬೇಸಿಗೆ ಬಲಿತಂತೆ ಹಳ್ಳಗಳು ಬತ್ತುತ್ತವೆ, ಎಲೆ ಉದುರಿ ನೆಲವೆಲ್ಲ ಒಣಗಿದ ಹಾಸಾಗುತ್ತದೆ, ಕಿಡಿಯೊಂದು ಬಿದ್ದರೆ ಬೆಂಕಿ ಹಬ್ಬುತ್ತದೆ. ಆಗ ಪ್ರಾಣಿಗಳಿಗೆ ಆಸರೆಯಾಗುವುದು ಜಲಾಶಯದ ಅಂಚು ಮತ್ತು ಅಳಿದುಳಿದ ನೀರಿನ ಹೊಂಡಗಳು. ಶಾಲೆಗಳಿಗೆ ದೊಡ್ಡ ರಜೆ ಬರುವುದೂ ಅದೇ ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಂದರೆ ಕಾಡಿನ ಬಾಯಾರಿಕೆ ತೀವ್ರವಾಗಿರುವಾಗಲೇ ಮನುಷ್ಯರ ಸಂದಣಿಯೂ ಹೆಚ್ಚುತ್ತದೆ. ತೋಳ, ಕತ್ತೆಕಿರುಬಗಳು ಕತ್ತಲಲ್ಲಿ ಸಂಚರಿಸುವ ಪ್ರಾಣಿಗಳು. ನೀರಿನ ದಂಡೆಯಲ್ಲಿ ನಡುರಾತ್ರಿಯವರೆಗೆ ದೀಪ, ಹಾಡು, ಶಿಬಿರಾಗ್ನಿ ಇದ್ದರೆ ಅವು ಎಲ್ಲಿಗೆ ಹೋಗಬೇಕು? ಅಪಾಯ ತರುವಂತೆ ವನ್ಯಜೀವಿಧಾಮದೊಳಗೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ಕಲಮು ನಿಷೇಧಿಸುತ್ತದೆ. ಈ ನಿಷೇಧ ಕುರಿ ಕಾಯುವವನಿಗೆ ಅನ್ವಯಿಸುವಷ್ಟೇ ಕುಟೀರದ ಅತಿಥಿಗೂ ಅನ್ವಯಿಸಬೇಕಲ್ಲವೇ?

ಕಾಡಿನೊಳಗಿನ ವಸತಿಗೃಹದ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಷ್ಟು ಹಿಂದೆಯೇ ಹುಟ್ಟಿತು. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ತಾಜ್ ಸಮೂಹಕ್ಕೆ ಸೇರಿದ ಕಂಪನಿಯೊಂದಕ್ಕೆ ವಿಹಾರಧಾಮ ನಡೆಸಲು ಸರ್ಕಾರ ಕಾಡಿನ ನೆಲವನ್ನು ಗೇಣಿಗೆ ಕೊಟ್ಟಿತು. ಆ ಕಾಡಿನ ಆದಿವಾಸಿಗಳು ಸಂಘಟಿತರಾಗಿ ಅದನ್ನು ವಿರೋಧಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗೇಣಿಯು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ಮುಂದೆ 2002ರ ತಿದ್ದುಪಡಿಯು ವನ್ಯಜೀವಿಧಾಮಗಳಲ್ಲಿ ವಾಣಿಜ್ಯ ವಸತಿಗೃಹಗಳನ್ನು ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕೆಂದು ವಿಧಿಸಿತು. 2022ರ ತಿದ್ದುಪಡಿಯು ಈ ನಿಯಮದಲ್ಲಿ ಸರ್ಕಾರಿ ವಸತಿಗೃಹಗಳನ್ನೂ ಹೆಸರಿಸಿ ಸೇರಿಸಿತು. ಕಟ್ಟುವವರು ಸರ್ಕಾರದವರೇ ಎಂಬ ಮಾತು ಇನ್ನು ಸಮಜಾಯಿಷಿಯಾಗಲಾರದು.

ಇಷ್ಟಾದರೂ ಚಿಂಚೋಳಿಯಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ ಪ್ರಾಣಿಗಳದ್ದಲ್ಲ, ಮನುಷ್ಯರದ್ದು. ವನ್ಯಜೀವಿಧಾಮದ ಗಡಿಯೊಳಗೆ ಲಂಬಾಣಿ ತಾಂಡಾಗಳಿವೆ. ಸ್ಥಳಾಂತರದ ಮಾತು ಅವರ ಕಿವಿಗೆ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದುದನ್ನು ರುಜುವಾತುಪಡಿಸಬೇಕು. ಗಡಿಯಾಚೆ ತೆಲಂಗಾಣದಲ್ಲಿ ಇದೇ ಜನಾಂಗ ಪರಿಶಿಷ್ಟ ಪಂಗಡದಲ್ಲಿದೆ. ಅವರಿಗೆ ಈ ಎಪ್ಪತ್ತೈದು ವರ್ಷಗಳ ಷರತ್ತಿಲ್ಲ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಯಲ್ಲಿರುವುದರಿಂದ ಷರತ್ತು ಅನ್ವಯಿಸುತ್ತದೆ. ಒಂದೇ ಭಾಷೆಯಾಡುವ, ಒಂದೇ ದೇವರಿಗೆ ನಡೆದುಕೊಳ್ಳುವ ಬಂಧುಗಳ ನಡುವೆ ರಾಜ್ಯದ ಗಡಿರೇಖೆ ಇಷ್ಟು ದೊಡ್ಡ ಅಂತರವನ್ನು ತಂದಿಟ್ಟಿದೆ.

ಎಪ್ಪತ್ತೈದು ವರ್ಷಗಳ ದಾಖಲೆಯನ್ನು ತಾಂಡಾದವರಿಂದ ಕೇಳುವ ವ್ಯವಸ್ಥೆ, ಎರಡು ರಾತ್ರಿಯ ಅತಿಥಿಯಿಂದ ಬಾಡಿಗೆಯ ರಸೀದಿಯನ್ನಷ್ಟೇ ಕೇಳಿದರೆ ಅದನ್ನು ಸಂರಕ್ಷಣೆಯೆಂದು ಕರೆಯಲಾಗದು. ದನ ಮೇಯಿಸುವುದು, ಸೌದೆ ತರುವುದು ಕಾಡಿಗೆ ಹಾನಿಯೆಂದಾದರೆ, ವಾಹನಗಳ ಸಾಲು, ಪ್ಲಾಸ್ಟಿಕ್ ರಾಶಿ, ಸ್ನಾನದ ಮನೆಯ ಕೊಳಚೆಗಳೂ ಹಾನಿಯೇ. ತಾಂಡಾಕ್ಕೆ ಹಿಡಿಯುವ ಅಳತೆಗೋಲನ್ನು ಮೊದಲು ಕುಟೀರಕ್ಕೆ ಹಿಡಿಯಬೇಕು. ಚಿಂಚೋಳಿಯ ಕುಟೀರಗಳ ಕುರಿತು ಹೇಳಬೇಕಾದ ಮುಖ್ಯ ಮಾತು ಇದೊಂದೇ.

ಹಾಗೆ ಹಿಡಿದಲ್ಲಿ ದಾರಿಗಳು ತಾವಾಗಿ ಕಾಣುತ್ತವೆ. ಕುಟೀರಗಳ ಸಂಖ್ಯೆ ಎಷ್ಟು, ಅವುಗಳಿಗೆ ಯಾವ ಅನುಮತಿ ಸಿಕ್ಕಿದೆ, ಆದಾಯ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸುತ್ತಲಿನ ಗ್ರಾಮ ಪಂಚಾಯಿತಿಗಳ ಫಲಕಗಳಲ್ಲಿ ಬರೆದು ಹಾಕಲಿ. ಹೊಸ ಕುಟೀರಗಳೇನಿದ್ದರೂ ಅಭಯಾರಣ್ಯದ ಹೊರಗೆ, ಚಿಂಚೋಳಿ ಪಟ್ಟಣ ಮತ್ತು ಹಳ್ಳಿಗಳಲ್ಲಿ ಏಳಲಿ. ಬೇಸಿಗೆಯ ಎರಡು ತಿಂಗಳು ನೀರಿನಂಚಿನ ವಸತಿಯನ್ನು ಮಿತಗೊಳಿಸಿ, ಹಳ್ಳಗಳಲ್ಲಿ ನೀರಿರುವ ದಸರಾ ರಜೆಗೆ ಕುಟುಂಬಗಳನ್ನು ಆಹ್ವಾನಿಸಲಿ. ಎತ್ತಿಪೋತ ಜಲಪಾತ ಕಣ್ತುಂಬುವುದೂ ಮಳೆಯ ನಂತರವೇ. ಉತ್ತರ ಕನ್ನಡದ ಕುಳಗಿ ನಿಸರ್ಗ ಶಿಬಿರದಂತೆ ವಿದ್ಯಾರ್ಥಿಗಳಿಗೆ ಅಗ್ಗದ ಸಾಮೂಹಿಕ ವಸತಿಯಿರಲಿ. ಅಡುಗೆ, ಮಾರ್ಗದರ್ಶನ, ಕಾವಲಿನ ಕೆಲಸಗಳು ತಾಂಡಾಗಳ ಹೆಣ್ಣುಮಕ್ಕಳಿಗೆ, ಯುವಕರಿಗೆ ಮೊದಲು ದೊರೆಯಲಿ. ಎಲ್ಲಕ್ಕೂ ಮಿಗಿಲಾಗಿ, ಹಕ್ಕುಗಳ ಇತ್ಯರ್ಥವಾಗದೆ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಕುಟುಂಬವನ್ನೂ ಕದಲಿಸದಿರಲಿ.

ಶಾಲೆ, ಕಾಲೇಜುಗಳಿಂದ ಪ್ರವಾಸ ಹೊರಡುವ ವಿದ್ಯಾರ್ಥಿಗಳ ಪಾಲೂ ಇದರಲ್ಲಿದೆ. ಕುಟೀರವನ್ನು ಕಾಯ್ದಿರಿಸುವಾಗ ಕೊಠಡಿಯಲ್ಲಿ ಏನೇನು ಸೌಕರ್ಯವಿದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಬಳಸಿದ ನೀರು ಎಲ್ಲಿಗೆ ಹರಿಯುತ್ತದೆ, ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಅಡುಗೆಯವರು ಯಾವ ಊರಿನವರು ಎಂದು ವಿಚಾರಿಸುವವರು ವಿರಳ. ಈ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಪ್ರವಾಸಿ ತಂಡವೂ ಕೇಳತೊಡಗಿದರೆ ಇಲಾಖೆಯು ಉತ್ತರವನ್ನು ಸಿದ್ಧಪಡಿಸಲೇಬೇಕಾಗುತ್ತದೆ. ಚಂದ್ರಂಪಳ್ಳಿಯ ದಂಡೆಯಲ್ಲಿ ವಾಡಿಯ ಕಾರ್ಮಿಕನ ಮಗುವಿಗೂ, ತಾಂಡಾದ ಮಗುವಿಗೂ, ನೀರಿಗೆ ಬರುವ ಕೊಂಡುಕುರಿಗೂ ಜಾಗವಿದೆ. ಮೂವರಿಗೂ ಅದು ಉಳಿಯಬೇಕಾದರೆ ಆ ಕೇಳುವಿಕೆ ಈಗಲೇ ಆರಂಭವಾಗಬೇಕು.