ವೀಸಾ ಕಡತ ಯಾರ ಕೈಯಲ್ಲಿದೆ?

ಒಂದು ಕಾಲಕ್ಕೆ ನಮ್ಮ ಹೆಬ್ಬೆ, ಲಿಂಗದಹಳ್ಳಿ, ತರೀಕೆರೆ ಕಡೆ ಹೆಣ್ಣು ಕೊಡುವ ಮುಂಚೆ ಮುಖ್ಯವಾಗಿ ಕೇಳುತ್ತಿದ್ದುದು ಎರಡು ಮಾತು. ತೋಟ ಎಷ್ಟು ಎಕರೆ, ಅಣ್ಣತಮ್ಮಂದಿರು ಎಷ್ಟು ಜನ. ಈಗ ಮೂರನೆಯದೊಂದು ಸೇರಿಕೊಂಡಿದೆ: ಹುಡುಗ ಯಾವ ದೇಶದಲ್ಲಿದ್ದಾನೆ. ಕೆಮ್ಮಣ್ಣುಗುಂಡಿ ತಪ್ಪಲಿನ ಕಾಫಿ ತೋಟದ ಮನೆಗಳಿಂದಲೂ, ಕಡೂರು, ಅಜ್ಜಂಪುರದ ತೆಂಗು ಅಡಿಕೆಯ ಮನೆಗಳಿಂದಲೂ ಹೆಣ್ಣುಮಕ್ಕಳು ಮದುವೆಯಾಗಿ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗುತ್ತಿದ್ದಾರೆ. ಹೋಗುವುದರಲ್ಲಿ ತಪ್ಪಿಲ್ಲ. ಓದಿದ ಹೆಣ್ಣು ಲೋಕ ನೋಡಬೇಕು ಎಂದು ವಾದಿಸಿದವರು ನಾವೇ. ಆದರೆ ಅವಳು ಆ ನೆಲದ ಮೇಲೆ ನಿಂತಿರುವುದು ಯಾವ ಹಕ್ಕಿನಿಂದ, ಆ ಹಕ್ಕಿಗೆ ಆಧಾರವಾದ ಕಾಗದಗಳು ಯಾರ ಬೀರುವಿನಲ್ಲಿವೆ ಎಂಬುದನ್ನು ಮಾತ್ರ ಮದುವೆ ಮಾತುಕತೆಯಲ್ಲಿ ಯಾರೂ ಕೇಳುವುದಿಲ್ಲ. ಈ ಸಂಚಿಕೆಯಲ್ಲಿ ನಾವು ಚರ್ಚಿಸಬೇಕೆಂದಿರುವುದು ಅದನ್ನೇ.

ಹೆಂಡತಿಯೆಂಬ ಕಾರಣಕ್ಕೆ ಸಿಗುವ ವೀಸಾ ಒಮ್ಮೆ ಸಿಕ್ಕರೆ ಮುಗಿಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬ್ರಿಟನ್ನಿನಲ್ಲಿ ಮೊದಲು ಸಿಗುವುದು 33 ತಿಂಗಳ ಅನುಮತಿ. ಅದು ಮುಗಿಯುವ ಮುಂಚೆ ವಿಸ್ತರಣೆಗೆ ಅರ್ಜಿ ಹಾಕಿ ಇನ್ನೂ 30 ತಿಂಗಳು ಪಡೆಯಬೇಕು. ಐದು ವರ್ಷ ತುಂಬಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ. ವಿಸ್ತರಣೆಯ ಅರ್ಜಿಯೊಂದಿಗೆ ಕೊಡಬೇಕಾದ ದಾಖಲೆಗಳನ್ನು ನೋಡಿ: ವಿವಾಹ ನೋಂದಣಿ ಪತ್ರ, ಆರು ತಿಂಗಳ ಸಂಬಳದ ಚೀಟಿಗಳು, ಅವಕ್ಕೆ ತಾಳೆಯಾಗುವ ಬ್ಯಾಂಕ್ ಲೆಕ್ಕ, ಮನೆಯ ಬಾಡಿಗೆ ಅಥವಾ ಸಾಲದ ಪತ್ರ, ಇಂಗ್ಲಿಷ್ ಪರೀಕ್ಷೆಯ ಪ್ರಮಾಣಪತ್ರ. ಇವೆಲ್ಲಕ್ಕೂ ಮೇಲಾಗಿ, ಗಂಡ ಹೆಂಡತಿ ಇಬ್ಬರೂ ಒಂದೇ ವಿಳಾಸದಲ್ಲಿ ಸಂಸಾರ ಮಾಡಿಕೊಂಡಿದ್ದಾರೆ ಎಂದು ತೋರಿಸಲು ಬೇರೆ ಬೇರೆ ಕಚೇರಿಗಳಿಂದ ಇಬ್ಬರ ಹೆಸರಿಗೂ ಬಂದ ಪತ್ರಗಳು. ಅಮೆರಿಕದಲ್ಲಿ ಎಚ್-1ಬಿ ನೌಕರನ ಹೆಂಡತಿಗೆ ಸಿಗುವುದು ಎಚ್-4. ಅದರ ವಿಸ್ತರಣೆಗೂ ವಿವಾಹ ಪತ್ರದ ಜೊತೆಗೆ ಗಂಡನ ಕೆಲಸದ ಅನುಮತಿ ಪತ್ರ, ಅವನ ಸಂಬಳದ ಚೀಟಿ ಬೇಕು.

ಈಗ ಒಂದೊಂದು ಕಾಗದದ ಮೇಲೂ ಯಾರ ಹೆಸರಿದೆ ಎಂದು ಕೇಳಿಕೊಳ್ಳಿ. ಸಂಬಳ ಅವನದು. ಬಾಡಿಗೆ ಕರಾರು ಅವನ ಹೆಸರಿನಲ್ಲಿ. ಬ್ಯಾಂಕ್ ಖಾತೆ ಅವನದು, ವಿದ್ಯುತ್ತಿನ ಬಿಲ್ಲು ಅವನದು. ಎರಡೂವರೆ ವರ್ಷ ಆ ಮನೆಯಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಮಗು ಹೆತ್ತವಳ ಹೆಸರಿಗೆ ಒಂದು ಲಕೋಟೆಯೂ ಬಂದಿರುವುದಿಲ್ಲ. ಸಂಸಾರದಲ್ಲಿ ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾವು ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದೇವೆ. ವಿಸ್ತರಣೆಯ ಅರ್ಜಿ ಆ ಮಾತಿಗೆ ಸಾಕ್ಷಿಯನ್ನೇ ಒದಗಿಸುತ್ತದೆ. ಅವಳು ಅಲ್ಲಿದ್ದಳು ಎಂಬುದಕ್ಕೇ ದಾಖಲೆ ಇಲ್ಲ.

ಹಿಂಸೆ ಹುಟ್ಟುವುದು ಇಲ್ಲಿ. ಕೈ ಎತ್ತದೆಯೇ ಹೆದರಿಸಿ ಇಡಲು ಗಂಡನಿಗೆ ಇದು ಸಾಧನವಾಗುತ್ತದೆ. "ಹೆಚ್ಚು ಮಾತಾಡಿದರೆ ವೀಸಾ ಮಾಡಿಸುವುದಿಲ್ಲ, ವಾಪಸ್ ಹೋಗುತ್ತೀಯ" ಎಂಬ ಒಂದು ಮಾತು ಸಾಕು. ಇನ್ನೊಂದು ವಿಧಾನ ಇದಕ್ಕಿಂತ ಕ್ರೂರ. ವಿಸ್ತರಣೆಯ ಅವಧಿ ಹತ್ತಿರ ಬಂದಾಗ "ತವರಿಗೆ ಹೋಗಿ ಬಾ" ಎಂದು ಪ್ರೀತಿಯಿಂದಲೇ ಕರೆತರುವುದು, ಪಾಸ್‌ಪೋರ್ಟು ಕಾಗದಗಳನ್ನೆಲ್ಲ ತೆಗೆದುಕೊಂಡು ತಾನು ಹಿಂದಿರುಗುವುದು, ಇತ್ತ ಅವಳ ವೀಸಾದ ಗಡುವು ದಾಟಿಹೋಗುವಂತೆ ಮಾಡುವುದು. ಮನೆಯವರಿಗೆ ಅದು ತಿಳಿಯುವಷ್ಟರಲ್ಲಿ ವಿದೇಶದ ನ್ಯಾಯಾಲಯದಿಂದ ವಿಚ್ಛೇದನದ ನೋಟೀಸು ಬಂದಿರುತ್ತದೆ.

ಇದು ಹೊಸ ಕಥೆಯೂ ಅಲ್ಲ. 1994ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ನೀರಜಾ ಸರಾಫ್ ಪ್ರಕರಣವನ್ನು ನೆನೆಯಬೇಕು. ಅಮೆರಿಕದಲ್ಲಿ ಕೆಲಸದಲ್ಲಿದ್ದ ಎಂಜಿನಿಯರನೊಂದಿಗೆ 1989ರಲ್ಲಿ ಮದುವೆ. ಕೆಲವು ದಿನ ಇದ್ದು ಅವನು ಹೊರಟುಹೋದ. ಕೆಲಸ ಬಿಟ್ಟು ಬಂದುಬಿಡು ಎಂದು ಪತ್ರ ಬರೆದ, ಆಕೆ ಬಿಟ್ಟಳು. ಬಂದದ್ದು ಮದುವೆಯನ್ನೇ ಅಸಿಂಧುಗೊಳಿಸುವ ಅರ್ಜಿ. ಇಂಥ ಮದುವೆಗಳನ್ನು ವಿದೇಶಿ ನ್ಯಾಯಾಲಯ ಏಕಪಕ್ಷೀಯವಾಗಿ ರದ್ದು ಮಾಡದಂತೆ, ಹೆಂಡತಿಗೆ ಗಂಡನ ಆಸ್ತಿಯಲ್ಲಿ ಜೀವನಾಂಶ ದೊರೆಯುವಂತೆ ಕಾನೂನು ತರಬೇಕು ಎಂದು ನ್ಯಾಯಾಲಯ ಅಂದೇ ಸೂಚಿಸಿತು. ಅಂಥ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ. ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ 2019ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಸಮಗ್ರ ಕಾಯ್ದೆ ಬೇಕೆಂದು ಹೇಳಿತು. ಮಸೂದೆ, ವರದಿ ಎರಡೂ ಕಾಗದದಲ್ಲೇ ಉಳಿದಿವೆ.

ಇನ್ನು ವರದಕ್ಷಿಣೆಯ ವಿಷಯ. ಬ್ರಿಟನ್ನಿನಲ್ಲಿ ವಿಸ್ತರಣೆಗೆ ಸಾವಿರ ಪೌಂಡಿಗೂ ಮೀರಿದ ಶುಲ್ಕ. ಅದಲ್ಲದೆ ಆರೋಗ್ಯ ಶುಲ್ಕವೆಂದು 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್. ಎರಡೂವರೆ ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಈ ಹಣವನ್ನು ಹೆಣ್ಣಿನ ತವರಿನಿಂದ ತರಿಸುವ ಗಂಡಂದಿರಿದ್ದಾರೆ. "ಅಮ್ಮಾ, ಈ ಸಲದ ವೀಸಾಕ್ಕೆ ದುಡ್ಡು ಬೇಕಂತೆ, ಅಪ್ಪಯ್ಯನ ಹತ್ತಿರ ಹೇಳು" ಎಂದು ಫೋನಿನಲ್ಲಿ ಮಗಳು ಸಣ್ಣ ದನಿಯಲ್ಲಿ ಹೇಳಿದರೆ, ಅಡಿಕೆ ಮಂಡಿಯಲ್ಲಿ ಮುಂಗಡ ತಂದಾದರೂ ಹಣ ಕಳಿಸುವ ತಂದೆಯರಿದ್ದಾರೆ. ಇದನ್ನು ಅವರು ವರದಕ್ಷಿಣೆ ಎಂದು ಕರೆಯುವುದಿಲ್ಲ, ಮಗಳ ಖರ್ಚು ಎನ್ನುತ್ತಾರೆ.

ಹೆಸರು ಬದಲಾದರೆ ವಸ್ತು ಬದಲಾಗುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಮದುವೆಗೆ "ಪ್ರತಿಫಲವಾಗಿ" ಕೊಟ್ಟದ್ದು ಮಾತ್ರ ವರದಕ್ಷಿಣೆಯಾಗಿತ್ತು. ಮಹಿಳಾ ಚಳವಳಿಯ ಒತ್ತಾಯದಿಂದ 1984 ಮತ್ತು 1986ರಲ್ಲಿ ತಿದ್ದುಪಡಿಗಳಾದವು. ಮದುವೆಗೆ ಸಂಬಂಧಿಸಿದಂತೆ, ಮದುವೆಯ ಮುಂಚೆ, ಮದುವೆಯಲ್ಲಿ ಅಥವಾ ಆಮೇಲೆ ಯಾವಾಗ ಕೊಟ್ಟರೂ, ಕೊಡಲು ಒಪ್ಪಿದರೂ ಅದು ವರದಕ್ಷಿಣೆ ಎಂದಾಯಿತು. 2007ರಲ್ಲಿ ಸುಪ್ರೀಂ ಕೋರ್ಟು ಅಪ್ಪಾಸಾಹೇಬ್ ಪ್ರಕರಣದಲ್ಲಿ, ಮನೆ ಖರ್ಚಿಗೆ, ಗೊಬ್ಬರಕ್ಕೆ ಎಂದು ಕೇಳಿದ ಹಣ ವರದಕ್ಷಿಣೆಯಲ್ಲ ಎಂದಿತು. ಆದರೆ 2015ರಲ್ಲಿ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಾಧೀಶರ ಪೀಠ ಆ ನಿಲುವು ಸರಿಯಲ್ಲವೆಂದು ತಳ್ಳಿಹಾಕಿತು. ಗೊಬ್ಬರದ ಹೆಸರಿನಲ್ಲಿ ಕೇಳಿದರೂ ವರದಕ್ಷಿಣೆಯಾಗುವುದಾದರೆ ವೀಸಾದ ಹೆಸರಿನಲ್ಲಿ ಕೇಳಿದ್ದು ಏಕಾಗಬಾರದು? ಮಗಳ ವಾಸದ ಹಕ್ಕನ್ನು ಒತ್ತೆ ಇಟ್ಟುಕೊಂಡು ಎರಡೂವರೆ ವರ್ಷಕ್ಕೊಮ್ಮೆ ವಸೂಲಿ ಮಾಡುವ ಹಣ ಕಂತಿನ ವರದಕ್ಷಿಣೆಯೇ ಹೌದೆಂದು ನಾವು ಗಟ್ಟಿಯಾಗಿ ಹೇಳಬೇಕಾಗಿದೆ.

ಆ ದೇಶಗಳ ಕಾನೂನು ಹೆಣ್ಣನ್ನು ರಕ್ಷಿಸುತ್ತದೆ ಎಂದು ನಂಬಿ ಸುಮ್ಮನಿರುವವರಿಗೂ ಒಂದು ಮಾತು. ಬ್ರಿಟನ್ನಿನಲ್ಲಿ ಈ ಪರೀಕ್ಷಾವಧಿ ಮೊದಲು ಒಂದು ವರ್ಷವಿತ್ತು. 2003ರಲ್ಲಿ ಎರಡು ವರ್ಷವಾಯಿತು, 2012ರಲ್ಲಿ ಐದು. ಅವಧಿ ಬೆಳೆದಂತೆ ಹೆಂಡತಿ ಗಂಡನ ಹಿಡಿತದಲ್ಲಿರುವ ಕಾಲವೂ ಬೆಳೆಯಿತು. ಹೊಡೆತ ತಾಳಲಾರದೆ ಮನೆ ಬಿಟ್ಟರೆ ಗಡೀಪಾರಿನ ಭಯ, ಸರಕಾರಿ ನೆರವಿಗೂ ಅರ್ಹತೆಯಿಲ್ಲ ಎಂಬ ಸ್ಥಿತಿಯ ವಿರುದ್ಧ ಹೋರಾಡಿದವರು ಅಲ್ಲಿನ ನಮ್ಮ ಅಕ್ಕತಂಗಿಯರೇ. 1979ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಅದರಲ್ಲಿ ಮುಂದಿತ್ತು. 1999ರಲ್ಲಿ ಮೊದಲ ರಿಯಾಯಿತಿ ದೊರೆಯಿತು. ಹಿಂಸೆಯಿಂದ ದಾಂಪತ್ಯ ಮುರಿದರೆ ಆಕೆ ಸ್ವತಂತ್ರವಾಗಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 2012ರಿಂದ, ಅಂಥ ಅರ್ಜಿ ಸಿದ್ಧಪಡಿಸುವ ಮೂರು ತಿಂಗಳು ಸರಕಾರಿ ನೆರವೂ ಸಿಗುತ್ತದೆ. 2024ರ ಜನವರಿ 31ರಿಂದ, ಮೋಸದಿಂದ ತಾಯ್ನಾಡಿಗೆ ತಂದು ಬಿಡಲಾದ ಹೆಂಡತಿ ಇಲ್ಲಿಂದಲೇ ಅರ್ಜಿ ಹಾಕುವ ಅವಕಾಶವಾಗಿದೆ. ಇವು ಯಾರೋ ದಯೆಯಿಂದ ಕೊಟ್ಟದ್ದಲ್ಲ, ಹೆಂಗಸರು ಬೀದಿಗಿಳಿದು ಪಡೆದದ್ದು.

ಅಮೆರಿಕದ ಎಚ್-4 ಹೆಂಡತಿಯ ಸ್ಥಿತಿ ಇನ್ನೂ ಇಕ್ಕಟ್ಟಿನದು. ವಿಚ್ಛೇದನವಾದರೆ ಎಚ್-4 ಅಲ್ಲಿಗೇ ಮುಗಿಯುತ್ತದೆ. 2015ರ ಮೇ ತಿಂಗಳವರೆಗೆ ಆಕೆ ದುಡಿಯುವಂತೆಯೇ ಇರಲಿಲ್ಲ. ಆಮೇಲೂ ಗಂಡನ ಹಸಿರು ಕಾರ್ಡಿನ ಪ್ರಕ್ರಿಯೆ ಒಂದು ಹಂತ ತಲುಪಿದವರಿಗೆ ಮಾತ್ರ ಅವಕಾಶ. 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೆಂಡತಿಯೇ ಅರ್ಜಿ ಹಾಕಬಹುದು, ಆದರೆ ಗಂಡ ಅಲ್ಲಿನ ಪ್ರಜೆಯೋ ಕಾಯಂ ನಿವಾಸಿಯೋ ಆಗಿದ್ದರೆ ಮಾತ್ರ. ಹಿಂಸೆಗೊಳಗಾದ ಎಚ್-4 ಹೆಂಡತಿಗೆ ಕೆಲಸದ ಅನುಮತಿ ಕೊಡಬಹುದೆಂದು 2005ರ ಕಾಯ್ದೆ ಹೇಳಿತು. ಅದಕ್ಕೆ ಅರ್ಜಿ ಪಡೆಯಲು ಆರಂಭಿಸಿದ್ದು 2017ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾನೂನು ಇತ್ತು, ಅರ್ಜಿ ಇರಲಿಲ್ಲ.

ಈಗ ಕಾಗದವೂ ಮಾಯವಾಗುತ್ತಿದೆ. ಬ್ರಿಟನ್ನಿನಲ್ಲಿ ಕೈಯಲ್ಲಿ ಹಿಡಿಯುವ ವಾಸದ ಕಾರ್ಡುಗಳ ಬದಲು ಕಂಪ್ಯೂಟರಿನಲ್ಲಿರುವ ಇ-ವೀಸಾ ಬಂದಿದೆ. ಅದನ್ನು ತೆರೆಯಲು ಮಿಂಚಂಚೆ ವಿಳಾಸ, ಮೊಬೈಲ್ ಸಂಖ್ಯೆ ಬೇಕು. "ನಿನಗೆ ಗೊತ್ತಾಗುವುದಿಲ್ಲ, ನಾನೇ ಮಾಡುತ್ತೇನೆ" ಎಂದು ಗಂಡ ತನ್ನ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದರೆ ಅವಳ ವೀಸಾದ ಬೀಗದ ಕೈ ಅವನ ಜೇಬಿನಲ್ಲಿದೆ ಎಂದೇ ಅರ್ಥ.

ಹಾಗಾದರೆ ಮಾಡಬೇಕಾದದ್ದೇನು? ಹೋಗುವ ಮುಂಚೆಯೇ ವಿವಾಹ ನೋಂದಣಿ ಆಗಲೇಬೇಕು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಸಿಗುತ್ತದೆ, ಒಂದನ್ನು ತವರಿನಲ್ಲಿಡಿ. ಪಾಸ್‌ಪೋರ್ಟು, ವೀಸಾ ಪುಟ, ಗಂಡನ ಪಾಸ್‌ಪೋರ್ಟಿನ ಪ್ರತಿ, ಅವನ ಕಚೇರಿಯ ವಿಳಾಸ, ಸಂಬಳದ ಚೀಟಿಯ ಪ್ರತಿ ಒಂದು ಕಡತವಾಗಿ ಹೆತ್ತವರ ಬಳಿ ಇರಲಿ. ಪಾಸ್‌ಪೋರ್ಟು ಕಾನೂನಿನ ಪ್ರಕಾರ ಭಾರತ ಸರಕಾರದ ಸ್ವತ್ತು, ಅದನ್ನು ಕಿತ್ತಿಟ್ಟುಕೊಳ್ಳುವ ಹಕ್ಕು ಯಾವ ಗಂಡನಿಗೂ ಇಲ್ಲ. ಆ ದೇಶ ತಲುಪಿದ ಕೂಡಲೇ ಮಗಳು ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲಿ, ವೈದ್ಯರಲ್ಲಿ ತನ್ನ ಹೆಸರು ನೋಂದಾಯಿಸಲಿ, ಬಾಡಿಗೆ ಕರಾರಿನಲ್ಲಿ ಹೆಸರು ಸೇರಿಸಲು ಕೇಳಲಿ. ಬ್ರಿಟನ್ನಿನ ಈ ವೀಸಾದಲ್ಲಿ ಕೆಲಸ ಮಾಡಲು ಅವಕಾಶವಿದೆ, ಅವಳ ಸಂಬಳವೂ ವಿಸ್ತರಣೆಗೆ ಲೆಕ್ಕಕ್ಕೆ ಬರುತ್ತದೆ. ಮಿಂಚಂಚೆ, ಪಾಸ್‌ವರ್ಡ್ ಅವಳದೇ ಇರಲಿ. ಗಡುವಿನ ತಾರೀಖನ್ನು ತವರಿನ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ.

ಹೆಸರಿನ ವಿಷಯ ಸಣ್ಣದೆಂದು ತಿಳಿಯಬೇಡಿ. ನಮ್ಮ ಹುಡುಗಿಯರ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಊರಿನ, ತಂದೆಯ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಅಂಟಿಕೊಳ್ಳುತ್ತದೆ. ಒಬ್ಬಳೇ ಹೆಣ್ಣು ಮೂರು ದಾಖಲೆಯಲ್ಲಿ ಮೂರು ಹೆಸರಾದರೆ ಕಷ್ಟಕಾಲದಲ್ಲಿ ತಾನು ತಾನೇ ಎಂದು ರುಜುವಾತು ಮಾಡುವುದೇ ದೊಡ್ಡ ಕೆಲಸವಾಗುತ್ತದೆ. ಮದುವೆಯಾದರೆ ಹೆಸರು ಬದಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹುಟ್ಟಿನ ಹೆಸರೇ ಉಳಿಯಲಿ.

ಹೆತ್ತವರಿಗೆ ಇನ್ನೊಂದು ಪ್ರಶ್ನೆ. ವೀಸಾಕ್ಕೆ ಬೇಕೆಂದು ಒಂದು ಕಾಗದವೂ ತಪ್ಪದಂತೆ ಪಟ್ಟಿ ಮಾಡುವ ನೀವು, ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದಿಟ್ಟಿದ್ದೀರಾ? ಇಬ್ಬರೂ ಸಹಿ ಮಾಡಿದ ಅಂಥ ಪಟ್ಟಿ ಇರಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ಅದೇ ವರ್ಷ ಪ್ರತಿಭಾರಾಣಿ ಪ್ರಕರಣದಲ್ಲಿ ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು ಸಾರಿತು. ಚಿನ್ನ ಕೇಳಲು ಹೋದಾಗ ಪಟ್ಟಿಯಿಲ್ಲದೆ ಬರಿಗೈಯಲ್ಲಿ ಬರುವವರು ನಾವೇ.

ಮಗಳು ಮರಳಿ ಬಂದರೆ ದಾರಿ ಮುಚ್ಚಿಲ್ಲ. ದೌರ್ಜನ್ಯ ಬೇರೆಡೆ ನಡೆದಿದ್ದರೂ, ಆಶ್ರಯ ಪಡೆದ ತವರಿನ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ತೀರ್ಪು ಹೇಳಿದೆ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮಾನಸಿಕ, ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ವಿವಾಹಗಳಿಗೆಂದೇ ಒಂದು ವಿಭಾಗವಿದೆ. ಫೋನಿನಲ್ಲಿ 181 ಒತ್ತಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ.

ಆದರೆ ಎಚ್ಚರ ವಹಿಸುವ ಹೊಣೆಯನ್ನೆಲ್ಲ ಹೆಣ್ಣಿನ ತಲೆಗೇ ಕಟ್ಟಿ ಸರಕಾರ ಕೈತೊಳೆದುಕೊಳ್ಳಬಾರದು. ಅನಿವಾಸಿ ವಿವಾಹಗಳ ಕಾನೂನು ಬೇಗ ಬರಲಿ. ವೀಸಾ, ಪಾಸ್‌ಪೋರ್ಟುಗಳನ್ನು ತಡೆಹಿಡಿಯುವುದನ್ನು ಹಿಂಸೆಯೆಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಲಿ. ಮದುವೆ ನೋಂದಾಯಿಸುವ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ, ವಿದೇಶಕ್ಕೆ ಹೊರಟ ವಧುವಿಗೆ ಅವಳ ಹಕ್ಕುಗಳ ಕನ್ನಡದ ಕೈಪಿಡಿಯೊಂದನ್ನು ಕೊಡಲಿ. ಹೆಂಡತಿಯ ವಾಸದ ಹಕ್ಕು ಗಂಡನ ಮರ್ಜಿಯಿಂದ ಬೇರೆಯಾಗಬೇಕು ಎಂಬ ಬೇಡಿಕೆ ಎಲ್ಲ ದೇಶಗಳ ಮಹಿಳಾ ಚಳವಳಿಯ ಬೇಡಿಕೆಯಾಗಲಿ.

ಸಂಘಗಳ ಗೆಳತಿಯರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ವಿದೇಶದಲ್ಲಿ ಮಗಳಿರುವ ತಾಯಂದಿರನ್ನು ಕರೆಯಿರಿ. ಅಳಿಯಂದಿರು ಒಳ್ಳೆಯವರು, ಇದೆಲ್ಲ ಏಕೆ ಎಂದು ಅವರು ಕೇಳಬಹುದು. ಒಳ್ಳೆಯ ಅಳಿಯನಿಗೆ ಇದರಿಂದ ತೊಂದರೆಯೇನೂ ಇಲ್ಲ ಎಂದು ಹೇಳಿ. ಮಗಳ ವೀಸಾ ಮುಗಿಯುವ ತಾರೀಖು ಯಾವುದು, ಅದರ ಪ್ರತಿ ಮನೆಯಲ್ಲಿದೆಯೇ ಎಂದು ಕೇಳಿ. ಗೊತ್ತಿಲ್ಲ ಎಂದರೆ ಆ ಸಂಜೆಯೇ ಮಗಳಿಗೆ ಫೋನು ಮಾಡಲು ತಿಳಿಸಿ.